‘ಗೂಗಲ್ ಮಾಡ್ಲಾ ಮಗ...’ ಸರಿ, ಆಮೇಲೆ?

ನಮ್ಮ ಹಾಸನದ ಹುಡುಗರನ್ನು ಏನೇ ಕೇಳಿ, ಸಿಗುವ ಉತ್ತರ ಒಂದೇ: ‘ಗೂಗಲ್ ಮಾಡ್ಲಾ ಮಗ’. ವಿಟಿಯು ರಿಸಲ್ಟ್ ಬಂತಾ? ಗೂಗಲ್ ಮಾಡು. ಅರಕಲಗೂಡಿಗೆ ಕೊನೇ ಬಸ್ಸು ಎಷ್ಟೊತ್ತಿಗೆ? ಗೂಗಲ್ ಮಾಡು. ಅಪ್ಪನಿಗೆ ಇವತ್ತಿನ ಕೊಬ್ಬರಿ ರೇಟು ಬೇಕಾ? ಅದಕ್ಕೂ ಅದೇ. ಹುಡುಕುವುದು ಎಂಬ ಕೆಲಸಕ್ಕೇ ಒಂದು ಕಂಪನಿಯ ಹೆಸರು ಅಂಟಿಕೊಂಡುಬಿಟ್ಟಿದೆ. ಬೇರೆ ಸರ್ಚ್ ಎಂಜಿನ್‌ಗಳೂ ಇವೆ ಅಂದರೆ, ‘ಗೂಗಲ್‌ಗಿಂತ ಚೆನ್ನಾಗಿದ್ಯಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ವಾದ. ಯಾವುದು ಎಲ್ಲಕ್ಕಿಂತ ಒಳ್ಳೆಯದು ಅಂತಲ್ಲ, ಯಾವ ಪ್ರಶ್ನೆಗೆ ಯಾವುದು ಒಳ್ಳೆಯದು ಅಂತ ಕೇಳಬೇಕು. ಸಣ್ಣ ಊರುಗಳಿಂದ, ಅದರಲ್ಲೂ ಕನ್ನಡದಲ್ಲಿ ಹುಡುಕುವ ನಮಗೆ ಇದು ಇನ್ನೂ ಮುಖ್ಯ.

ಮೊದಲು ಇವು ಕೆಲಸ ಮಾಡುವ ರೀತಿ ನೋಡೋಣ. ನಾವು ಪ್ರಶ್ನೆ ಒತ್ತಿದ ಕ್ಷಣದಲ್ಲಿ ಸರ್ಚ್ ಎಂಜಿನ್ ಇಡೀ ಇಂಟರ್‌ನೆಟ್ ಸುತ್ತಿ ಬರುವುದಿಲ್ಲ. ಅದರ ಕ್ರಾಲರ್‌ಗಳು ಮೊದಲೇ ಪುಟಗಳನ್ನು ಓದಿ, ಯಾವ ಪದ ಎಲ್ಲೆಲ್ಲಿದೆ ಎಂಬ ದೊಡ್ಡ ಪಟ್ಟಿ ಮಾಡಿಟ್ಟಿರುತ್ತವೆ. ಇದೇ ಇಂಡೆಕ್ಸ್. ನಮಗೆ ಸಿಗುವುದು ಆ ಪಟ್ಟಿಯಲ್ಲಿ ಇರುವುದು ಮಾತ್ರ. 1998ರಲ್ಲಿ ಶುರುವಾದ ಗೂಗಲ್‌ಗೆ ತನ್ನದೇ ಇಂಡೆಕ್ಸ್ ಇದೆ. 2009ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಬಿಂಗ್‌ಗೂ ಇದೆ. 2021ರಲ್ಲಿ ಬಂದ ಬ್ರೇವ್ ಸರ್ಚ್ ಕೂಡ ತನ್ನದೇ ಇಂಡೆಕ್ಸ್ ಕಟ್ಟಿಕೊಂಡಿದೆ. ಆದರೆ ಯಾಹೂ ಮತ್ತು ಡಕ್‌ಡಕ್‌ಗೋ ಬಹುಮಟ್ಟಿಗೆ ಬಿಂಗ್‌ನ ಫಲಿತಾಂಶಗಳನ್ನೇ ನಮಗೆ ಬಡಿಸುತ್ತವೆ. ಹಾಗಾಗಿ ಬಿಂಗ್‌ನಲ್ಲಿ ಸಿಗದ್ದನ್ನು ಯಾಹೂನಲ್ಲಿ ಹುಡುಕುವುದು, ಒಂದೇ ಅಡುಗೆಮನೆಯ ಸಾಂಬಾರನ್ನು ಎರಡು ಹೋಟೆಲಿನಲ್ಲಿ ತಿಂದಂತೆ. ಎರಡನೇ ಅಭಿಪ್ರಾಯ ಬೇಕಿದ್ದರೆ ಅಡುಗೆಮನೆಯನ್ನೇ ಬದಲಿಸಬೇಕು.

ನಾವು ಬದಲಿಸುವುದಿಲ್ಲ. ಯಾಕೆ? ಮೊಬೈಲ್ ತೆಗೆದರೆ ಕ್ರೋಮ್‌ನಲ್ಲಿ ಗೂಗಲ್ ಕೂತಿರುತ್ತದೆ. ಕಂಪ್ಯೂಟರಿನಲ್ಲಿ ಎಡ್ಜ್ ತೆರೆದರೆ ಬಿಂಗ್. ಯಾವುದು ಎದುರಿಗೆ ಇರುತ್ತದೋ ಅದನ್ನೇ ಬಳಸುತ್ತೇವೆ. ಈ ಅಭ್ಯಾಸದ ಬೆಲೆ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಐಫೋನಿನ ಸಫಾರಿ ಬ್ರೌಸರ್‌ನಲ್ಲಿ ತಾನೇ ಮೊದಲು ಇರಬೇಕೆಂದು ಗೂಗಲ್ 2022ರಲ್ಲಿ ಆಪಲ್‌ಗೆ ಕೊಟ್ಟ ಹಣ 2,000 ಕೋಟಿ ಡಾಲರ್. ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿದ್ದ ಲೆಕ್ಕ ಇದು. ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಅಂದರೆ ನಾವು ‘ಆಯ್ಕೆ’ ಅಂದುಕೊಂಡಿದ್ದನ್ನು ಎಷ್ಟೋ ಸಲ ಬೇರೆಯವರು ದುಡ್ಡು ಕೊಟ್ಟು ಮಾಡಿರುತ್ತಾರೆ.

ಈಗ ನಮ್ಮ ಊರಿನ ಹೆಸರುಗಳನ್ನೇ ಪರೀಕ್ಷೆಗೆ ಇಡೋಣ. ಇಂಗ್ಲಿಷಿನಲ್ಲಿ ‘ಹಾಸನ’ ಎಂದು ಬರೆದರೆ ಅದು ಜಗತ್ತಿನ ಲಕ್ಷಾಂತರ ಜನರ ಹೆಸರೂ ಹೌದು. ಒಂದು ‘ಎ’ ಹೆಚ್ಚಾದರೆ ಕಮಲ್ ಹಾಸನ್ ಎದುರಿಗೆ ಬಂದು ನಿಲ್ಲಬಹುದು. ಹೊಳೆನರಸೀಪುರವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ರೈಲ್ವೆಯವರಿಗೆ ಅದು ‘ಹೊಳೆ ನರ್ಸಿಪುರ್’. ಬರೀ ‘ನರಸೀಪುರ’ ಎಂದರೆ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಬರುತ್ತದೆ. ಅರಕಲಗೂಡು ಕೆಲವರಿಗೆ ಅರ್ಕಲಗೂಡು. ಅನಕೃ ಅವರ ಹೆಸರಿನ ‘ಅ’ ನಮ್ಮ ಅರಕಲಗೂಡೇ ಎಂಬುದು ಸರಿಯಾದ ಪದ ಹಾಕಿ ಹುಡುಕಿದವರಿಗಷ್ಟೇ ಸಿಗುತ್ತದೆ. ಚನ್ನರಾಯಪಟ್ಟಣದ್ದು ಇನ್ನೂ ತಮಾಷೆ. ‘ಚನ್ನರಾಯಪಟ್ಟಣ ರೈತರು’ ಎಂದು ಹುಡುಕಿದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಸುದ್ದಿ ಸಿಗಬಹುದು. 1,777 ಎಕರೆ ಭೂಸ್ವಾಧೀನದ ವಿರುದ್ಧ ಅಲ್ಲಿನ ರೈತರು ನಡೆಸಿದ ಹೋರಾಟಕ್ಕೆ ಮಣಿದು 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತಲ್ಲ, ಆ ಸುದ್ದಿ. ಊರು ಎರಡು, ಹೆಸರು ಒಂದು. ಯಂತ್ರಕ್ಕೆ ಇದು ತಾನಾಗಿ ಗೊತ್ತಾಗುವುದಿಲ್ಲ. ‘ಹಾಸನ ಜಿಲ್ಲೆ’ ಎಂದು ನಾವೇ ಜೊತೆಗೆ ಸೇರಿಸಬೇಕು.

ಕನ್ನಡದ ಕಷ್ಟ ಬೇರೆಯೇ ಇದೆ. ನಮ್ಮಲ್ಲಿ ಹಾಸನ, ಹಾಸನದಲ್ಲಿ, ಹಾಸನಕ್ಕೆ, ಹಾಸನದವರು ಎಂದು ಒಂದೇ ಪದ ಬಾಲ ಬೆಳೆಸುತ್ತಾ ಹೋಗುತ್ತದೆ. ಇವೆಲ್ಲ ಒಂದೇ ಊರು ಎಂದು ಸರ್ಚ್ ಎಂಜಿನ್ ಅರ್ಥ ಮಾಡಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಅದನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಸರ್ಚ್ ಎಂಜಿನ್ ನೋಡುವುದು ಅದನ್ನೇ. ಇನ್ನು ಫೋಟೊದಂತೆ ಸ್ಕ್ಯಾನ್ ಮಾಡಿ ಹಾಕಿದ ಆದೇಶ, ಅಧಿಸೂಚನೆಗಳಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಹಾಗಾಗಿ ‘ಹುಡುಕಿದೆ, ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದು ಅರ್ಥವಲ್ಲ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಕಾಗುಣಿತ ಬದಲಿಸಿ ಇನ್ನೊಮ್ಮೆ ಕೇಳಬೇಕು.

ಹಾಗಾದರೆ ಯಾವುದಕ್ಕೆ ಯಾವುದು? ಹತ್ತಿರದ ಜೆರಾಕ್ಸ್ ಅಂಗಡಿ, ಮೆಡಿಕಲ್ ಸ್ಟೋರ್ ಬೇಕಿದ್ದರೆ ಗೂಗಲ್ಲೇ ಸರಿ. ಅಂಗಡಿಯವರು ಮ್ಯಾಪ್‌ನಲ್ಲಿ ಹೆಸರು ಸೇರಿಸಿರುವುದು ಹೆಚ್ಚಾಗಿ ಅಲ್ಲೇ. ಕಾಯಿಲೆಯ ವಿಷಯ, ಮನೆಯ ವಿಷಯ, ಯಾರಿಗೂ ಗೊತ್ತಾಗಬಾರದು ಅನ್ನುವಂಥದ್ದನ್ನು ಡಕ್‌ಡಕ್‌ಗೋದಲ್ಲಿ ಕೇಳಬಹುದು. ನಮ್ಮ ಹುಡುಕಾಟದ ಇತಿಹಾಸವನ್ನು ಇಟ್ಟುಕೊಳ್ಳುವುದಿಲ್ಲ ಎಂಬುದೇ ಅದರ ಭರವಸೆ. ಪ್ರಾಜೆಕ್ಟ್, ಸೆಮಿನಾರ್‌ಗೆ ಗೂಗಲ್ ಜೊತೆ ಬಿಂಗ್ ಅಥವಾ ಬ್ರೇವ್‌ನಲ್ಲೂ ಒಮ್ಮೆ ನೋಡಿ, ಬೇರೆ ಪುಟಗಳು ಮೇಲೆ ಬರಬಹುದು. ಇನ್ನು ಕೆಲವಕ್ಕೆ ಸರ್ಚ್ ಎಂಜಿನ್ನೇ ಬೇಡ. ಕೊಬ್ಬರಿ, ಆಲೂಗಡ್ಡೆ ಧಾರಣೆಗೆ ಕೃಷಿ ಮಾರಾಟ ವಾಹಿನಿ ಇದೆ. ಪಹಣಿಗೆ ಭೂಮಿ ಇದೆ. ವಿಳಾಸ ಗೊತ್ತಿರುವಾಗ ನೇರ ಹೋಗುವುದೇ ಜಾಣತನ.

ಯಾವುದನ್ನು ಬಳಸಿದರೂ ಮೇಲೆ ಕಂಡದ್ದನ್ನೇ ವೇದವಾಕ್ಯ ಮಾಡಿಕೊಳ್ಳಬಾರದು. ಇದಕ್ಕೆ ಕನ್ನಡಿಗರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 2021ರ ಜೂನ್‌ನಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂಬ ಪ್ರಶ್ನೆಗೆ ಗೂಗಲ್ ‘ಕನ್ನಡ’ ಎಂದು ತೋರಿಸಿತು. ರಾಜ್ಯವೆಲ್ಲ ಸಿಟ್ಟಾಯಿತು. ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು, ಅದು ತನ್ನ ಅಭಿಪ್ರಾಯವಲ್ಲ ಎಂದೂ ಹೇಳಿತು. ಆ ಮಾತು ನಿಜವೇ. ಎಲ್ಲೋ ಇದ್ದ ಪುಟವೊಂದರ ಸಾಲನ್ನು ಯಂತ್ರ ಎತ್ತಿ ಉತ್ತರದ ಜಾಗದಲ್ಲಿ ಇಟ್ಟಿತ್ತು. ಹಲ್ಮಿಡಿ ಶಾಸನ ಸಿಕ್ಕ ಜಿಲ್ಲೆಯವರಾದ ನಮಗೆ ಆ ಉತ್ತರ ತಪ್ಪೆಂದು ಒಂದೇ ನೋಟಕ್ಕೆ ಗೊತ್ತಾಯಿತು. ಆದರೆ ಅದೇ ಜಾಗದಲ್ಲಿ ಅರ್ಜಿಯ ಕೊನೇ ದಿನಾಂಕವೋ ವಯೋಮಿತಿಯೋ ತಪ್ಪಾಗಿ ಬಂದರೆ ನಮಗೆ ಗೊತ್ತಾಗುತ್ತದೆಯೇ?

ಕೆಲಸ ಹುಡುಕುವವರು ಇಲ್ಲೇ ಮೋಸ ಹೋಗುವುದು. ‘ಸ್ಪಾನ್ಸರ್ಡ್’ ಎಂದು ಸಣ್ಣಕ್ಷರದಲ್ಲಿ ಬರೆದುಕೊಂಡು ಮೇಲೆ ಕೂತಿರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ನೇಮಕಾತಿಯ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ಅರ್ಜಿ ಶುಲ್ಕ ಕಟ್ಟಿಸಿಕೊಳ್ಳುವವರಿದ್ದಾರೆ. ಕಸ್ಟಮರ್ ಕೇರ್ ನಂಬರ್ ಎಂದು ತಮ್ಮದೇ ನಂಬರ್ ಹಾಕಿ ಕಾಯುವವರೂ ಇದ್ದಾರೆ. ಐನೂರು, ಸಾವಿರ ರೂಪಾಯಿ ನಮ್ಮ ಮನೆಗಳಲ್ಲಿ ಸಣ್ಣ ಮೊತ್ತವಲ್ಲ. ಸರ್ಕಾರಿ ನೇಮಕಾತಿಯಾದರೆ ವಿಳಾಸದ ಕೊನೆ ನೋಡಿ: ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಸಾಮಾನ್ಯವಾಗಿ ಇರುತ್ತದೆ. ಹುಡುಕುವ ಪದದ ಜೊತೆ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಜಿಒವಿ ಡಾಟ್ ಇನ್’ ಸೇರಿಸಿದರೆ ಸರ್ಕಾರಿ ಪುಟಗಳಷ್ಟೇ ಬರುತ್ತವೆ. ಗೂಗಲ್, ಬಿಂಗ್ ಎರಡರಲ್ಲೂ ಇದು ನಡೆಯುತ್ತದೆ. ಅಷ್ಟಾಗಿಯೂ ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಗೂಗಲ್ ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಸಂತೆಯಲ್ಲಿ ಒಂದು ಕೆ.ಜಿ. ಟೊಮೆಟೊ ಕೊಳ್ಳಲು ನಾಲ್ಕು ಕಡೆ ವಿಚಾರಿಸುವ ಅಮ್ಮಂದಿರ ಮಕ್ಕಳು ನಾವು. ಕೋರ್ಸು, ಕೆಲಸ, ಆರೋಗ್ಯದಂಥ ವಿಷಯಕ್ಕೆ ಕನಿಷ್ಠ ಎರಡು ಕಡೆ ವಿಚಾರಿಸಬಾರದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಂಟರ್‌ನೆಟ್ ಬರುವ ಮೊದಲೇ ಹುಟ್ಟಿದ್ದು, ಇವತ್ತಿಗೇ ಹೆಚ್ಚು ಒಪ್ಪುತ್ತದೆ. ಮುಂದಿನ ಸಲ ಯಾರಾದರೂ ‘ಗೂಗಲ್ ಮಾಡ್ಲಾ’ ಅಂದರೆ ಖಂಡಿತ ಮಾಡಿ. ಆಮೇಲೆ ಇನ್ನೊಂದು ಕಡೆಯೂ ಕೇಳಿ.