ಲೈನು ಬದಲಾಯಿತು, ವೇಗ ಬದಲಾಯಿತೇ?

ಭಾತಂಬ್ರಾದ ಕೋಟೆ ಇದ್ದಲ್ಲೇ ಇದೆ. ಮನೆಗೆ ಬರುವ ಇಂಟರ್‌ನೆಟ್ ಲೈನು ಮಾತ್ರ ಕಂಪನಿಯಿಂದ ಕಂಪನಿಗೆ ಜಿಗಿಯುತ್ತಿದೆ. “ಹಳೇದು ಬಿಡ್ರೀ, ನಮ್ದು 100 ಅದ” ಅಂತಾನೆ ಹೊಸ ಕಂಪನಿಯವ. ನೂರು ಏನು ಅಂತ ಕೇಳಿದವರುಂಟೇ?

ಅದು ಸೆಕೆಂಡಿಗೆ 100 ಮೆಗಾಬಿಟ್. ಸಿನಿಮಾ ಇಳಿಸುವಾಗ ಸಾಮಾನ್ಯವಾಗಿ ಕಾಣುವ ಲೆಕ್ಕ ಮೆಗಾಬೈಟಿನದು. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂತೆಂದರೆ ತೂಕ ಬರೋಬ್ಬರಿ. ಅಷ್ಟಕ್ಕೇ ಮೋಸವಾಯ್ತು ಅಂತ ಬೊಬ್ಬೆ ಹೊಡೆಯಬೇಕಿಲ್ಲ.

ಗುಟ್ಟು ಇರುವುದು ‘100ರವರೆಗೆ’ ಎಂಬ ಮಾತಿನ ಬಾಲದಲ್ಲಿ. ಫೈಬರ್ ಲೈನಿಗೆ ಬಹಳ ಕಡೆ ಜಿಪಾನ್ ಎಂಬ ಪದ್ಧತಿ ಇದೆ. ಒಂದೇ ಎಳೆಯನ್ನು 32 ಇಲ್ಲವೇ 64 ಮನೆಗೆ ಹಂಚುತ್ತಾರೆ. ಎಳೆಯ ಒಟ್ಟು ಶಕ್ತಿ ಸುಮಾರು 2,488 ಮೆಗಾಬಿಟ್. 64 ಮನೆಯವರೂ ಒಮ್ಮೆಲೇ ಎಳೆದರೆ ತಲಾ 39 ಕೂಡ ದಕ್ಕದು. ಒಂದೇ ಬಾವಿಗೆ ಓಣಿಯೆಲ್ಲ ಕೊಡ ಇಳಿಸಿದ ಹಾಗೆ! ಹೊಸ ಲೈನು ಮೊದಲ ತಿಂಗಳು ಓಡುವುದು ಗಿರಾಕಿ ಇನ್ನೂ ಕಡಿಮೆ ಇರುವುದರಿಂದಲೂ ಇರಬಹುದು.

ಸರಕಾರದ ಅಳತೆಯೋ? ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಅರ್ಧ ಮೆಗಾಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿದ್ದು 2023ರ ಜನವರಿಯಲ್ಲಿ. ನೂರಕ್ಕೆ ರೊಕ್ಕ ಕೊಟ್ಟವನಿಗೆ ಈ ಎರಡರ ಗೆರೆ ಎಷ್ಟರ ಆಸರೆ?

ಆದ್ದರಿಂದ ತೂಗುವ ಕೆಲಸ ಗಿರಾಕಿಯದೇ. ಹೊಸದು ಬಂದ ದಿನವೇ ಹಳೇದನ್ನು ಕಡಿಸಬೇಡಿ; ಕೆಲವು ದಿನ ಎರಡೂ ಇರಲಿ. ಮುಂಜಾನೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಅದೇ ಫೋನಿನಿಂದ, ಡಬ್ಬಿಯ ಹತ್ತಿರವೇ ನಿಂತು ಅಳೆಯಿರಿ. ದಪ್ಪ ಗೋಡೆಯಾಚೆ ವೈಫೈ ಸೊರಗಿದರೆ ಅದು ಲೈನಿನ ತಪ್ಪಲ್ಲ. ಇಳಿಯುವ ವೇಗದ ಜೊತೆ ಏರುವ ವೇಗವನ್ನೂ ಬರೆದಿಡಿ. ಮಕ್ಕಳ ಅರ್ಜಿಯ ಕಾಗದಪತ್ರ ಹೋಗುವುದು ಆ ದಾರಿಯಲ್ಲೇ. ಎಷ್ಟು ಸಲ ಕಡಿಯಿತು ಅನ್ನುವುದೂ ಲೆಕ್ಕದಲ್ಲಿರಲಿ. ದುಕಾನಿನ ಯುಪಿಐಗೆ ನೂರು ಬೇಕಿಲ್ಲ, ಕಡಿಯದೆ ನಿಂತರೆ ಸಾಕು. ಕರೆಂಟು ಹೋದರೆ ಡಬ್ಬಿಯೂ ಸತ್ತಂತೆ. ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ಯಾವ ಕಂಪನಿಯೂ ಉಳಿಸದು.

ಸಕ್ಕರೆ ತೂಗುವಾಗ ಮುಳ್ಳು ನೋಡುವ ನಾವು, ಆರು ತಿಂಗಳ ಮುಂಗಡ ಕಟ್ಟುವಾಗ ಕಣ್ಣು ಮುಚ್ಚಿದರೆ ಹ್ಯಾಂಗ್ರೀ?