ಸಿಂಹದ ಮೈಮೇಲಿನ ಉಣ್ಣಿ

ಕಾಡುಪ್ರಾಣಿಗಳ ಸಾವು ಎಂದ ಕೂಡಲೇ ನಮ್ಮ ಗೆಳೆಯರಿಗೆ ನೆನಪಾಗುವುದು ಬಂದೂಕು, ಉರುಲು, ಹುಲಿಯುಗುರಿನ ವ್ಯಾಪಾರ. ಹಸಿದಾಗ ಎಳ್ಳುಕಾಳಿನಷ್ಟು, ರಕ್ತ ಕುಡಿದಾಗ ಔಡಲ ಬೀಜದಷ್ಟು ಇರುವ ಉಣ್ಣಿಯೂ ಸಿಂಹವನ್ನು ಮಲಗಿಸಬಲ್ಲುದು ಎಂದರೆ ನಗುತ್ತಾರೆ. ನಗಬ್ಯಾಡ್ರಿ. 2018ರ ಸೆಪ್ಟೆಂಬರ್ 12ರಿಂದ ಅಕ್ಟೋಬರ್ 2ರೊಳಗೆ ಗುಜರಾತಿನ ಗಿರ್ ಕಾಡಿನಲ್ಲಿ, ಅದೂ ದಲಖಾಣಿಯಾ ಎಂಬ ಒಂದೇ ವಲಯದಲ್ಲಿ, 23 ಸಿಂಹಗಳು ಸತ್ತವು. ಮೊದಮೊದಲು ‘ತಮ್ಮತಮ್ಮಲ್ಲೇ ಕಾದಾಡಿ ಸತ್ತವು’ ಎಂಬ ಮಾತು ಬಂತು. ಆಮೇಲೆ ಮಾದರಿಗಳು ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಬಂದವು. ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಅದರ ಜೊತೆಗೆ ಹಲವು ಸಿಂಹಗಳ ರಕ್ತದಲ್ಲಿ ಬೆಬೀಸಿಯಾ ಎಂಬ ಪರಾವಲಂಬಿಯೂ ಇತ್ತು. ಉಣ್ಣಿ ಕಚ್ಚಿದಾಗ ಒಳಹೋಗಿ, ಕೆಂಪು ರಕ್ತಕಣದೊಳಗೆ ಮನೆ ಮಾಡಿ, ಅಲ್ಲೇ ಹೆಚ್ಚಿ, ಕೊನೆಗೆ ಕಣವನ್ನೇ ಒಡೆದು ಹೊರಬರುವ ಜೀವಿ ಇದು. ದನಕ್ಕೆ ಈ ರೋಗ ಬಂದರೆ ಮೂತ್ರ ಕೆಂಪಾಗುತ್ತದೆ. ಹಳ್ಳಿಯಿಂದ ಬಂದವರು ನೋಡಿಯೇ ಇರುತ್ತೀರಿ.

ಉಣ್ಣಿಗೂ ಪುಣೆಗೂ ಕನ್ನಡನಾಡಿಗೂ ಹಳೆಯ ನಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದಾಗ ಅದರ ಬೇರು ಹುಡುಕಿ ಹೋದದ್ದು ಇದೇ ಸಂಸ್ಥೆ. ಆಗ ಇದರ ಹೆಸರು ವೈರಸ್ ಸಂಶೋಧನಾ ಕೇಂದ್ರ. ಮಂಗನ ಕಾಯಿಲೆಯ ವೈರಸ್ ಹೊತ್ತು ತಂದದ್ದು ಉಣ್ಣಿ, ಮಲೆನಾಡಿನವರ ಬಾಯಲ್ಲಿ ಉಣುಗು. ಆದರೆ ಒಂದು ಮಾತು. ಅಲ್ಲಿ ಮಂಗದ ಹಿಂದೆ ಮನುಷ್ಯನೂ ಸತ್ತ, ಆದ್ದರಿಂದ ಹುಡುಕಿದೆವು. ತೋಳವೊಂದು ಕುರುಚಲು ಗುಡ್ಡದಲ್ಲಿ ಸತ್ತು ಬಿದ್ದರೆ ಯಾರು ಹುಡುಕುತ್ತಾರೆ?

ಹಾಗಂತ ಎಲ್ಲ ತಪ್ಪನ್ನೂ ಉಣ್ಣಿಯ ತಲೆಗೆ ಕಟ್ಟುವವರ ಜೊತೆ ನಾನಿಲ್ಲ. ಕಾಡಿನ ಯಾವ ಮಾಂಸಾಹಾರಿಯ ಹೊಟ್ಟೆಯೂ ಖಾಲಿಯಲ್ಲ. ಲಾಡಿಹುಳು, ದುಂಡುಹುಳು, ಕೊಕ್ಕೆಹುಳು ಎಲ್ಲವೂ ಅಲ್ಲಿ ಬಾಡಿಗೆಗಿರುತ್ತವೆ. ಬೆಬೀಸಿಯಾ ಕೂಡ ಅಷ್ಟೇ: ಆರೋಗ್ಯವಾಗಿರುವ ಸಿಂಹಗಳ ರಕ್ತದಲ್ಲೂ ಸ್ವಲ್ಪಸ್ವಲ್ಪ ಇರುತ್ತದೆ, ತೊಂದರೆ ಕೊಡುವುದಿಲ್ಲ. ಆಫ್ರಿಕದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಸಾವಿರ ಸಿಂಹಗಳು ಸತ್ತಾಗ ದೂರು ಹೋದದ್ದು ಡಿಸ್ಟೆಂಪರ್ ಮೇಲೆ. ಆದರೆ ಅದಕ್ಕಿಂತ ಮುಂಚೆಯೂ ಅದೇ ವೈರಸ್ ಅಲ್ಲಿ ಬಂದು ಸದ್ದಿಲ್ಲದೆ ಹೋಗಿತ್ತು. ಹಾಗಾದರೆ ಈ ಸಲ ಏನಾಯಿತು? 2008ರಲ್ಲಿ ವಿಜ್ಞಾನಿಗಳು ಕೊಟ್ಟ ಉತ್ತರ ಹೀಗಿದೆ: ಬರ ಬಿದ್ದು ಕಾಡೆಮ್ಮೆಗಳು ಸೊರಗಿದವು, ಅವುಗಳ ಮೈಯಲ್ಲಿ ಉಣ್ಣಿ ಮಿತಿಮೀರಿ ಹೆಚ್ಚಿತು. ಬಿದ್ದ ಕಾಡೆಮ್ಮೆ ಸಿಂಹಕ್ಕೆ ಸುಲಭದ ಊಟ. ಊಟದ ಜೊತೆ ಉಣ್ಣಿಯೂ ಬಂತು. ಅದೇ ಹೊತ್ತಿಗೆ ಡಿಸ್ಟೆಂಪರ್ ಬಂದು ಮೈಯ ರೋಗ ತಡೆಯುವ ಶಕ್ತಿಯನ್ನು ಮುರಿದು ಹಾಕಿತು. ಬಾಡಿಗೆಗಿದ್ದವನು ಮನೆಯ ಯಜಮಾನನನ್ನೇ ತಿಂದ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಯಾವ ಹುಳ?’ ಎಂದಲ್ಲ, ‘ಯಾವ ಬಾಗಿಲಿನಿಂದ ಬಂತು?’ ಎಂದು. ಬಾಗಿಲು ತೆರೆಯುವವರು ಎಷ್ಟೋ ಸಲ ನಾವೇ. ಅಮೆರಿಕದ ಮೊಂಟಾನಾದಲ್ಲಿ 1905ರಲ್ಲಿ ಸರ್ಕಾರವೇ ಕಾನೂನು ಮಾಡಿ, ತೋಳಗಳನ್ನು ಹಿಡಿದು ಕಜ್ಜಿಯ ನುಸಿ ಅಂಟಿಸಿ ಮತ್ತೆ ಬಿಡಿಸಿತು, ಅವುಗಳ ವಂಶ ಹಾಳಾಗಲಿ ಎಂದು! ನಮ್ಮಲ್ಲಿ ಅಂಥ ದುರುದ್ದೇಶವೇನೂ ಇಲ್ಲ. ನಮ್ಮದು ಬರೀ ಅಸಡ್ಡೆ. 2000ದ ಜುಲೈನಲ್ಲಿ ಒರಿಸ್ಸಾದ ನಂದನಕಾನನ ಮೃಗಾಲಯದಲ್ಲಿ 12 ಹುಲಿಗಳು ಸತ್ತವು. ದನ, ಕುದುರೆಗಳ ರಕ್ತ ಹೀರುವ ದೊಡ್ಡ ನೊಣ ಹೊತ್ತು ತಿರುಗುವ ಟ್ರಿಪನೊಸೋಮಾ ಎಂಬ ಪರಾವಲಂಬಿ ಅವುಗಳ ರಕ್ತದಲ್ಲಿತ್ತು. ಬೇಲಿಯೊಳಗೆ ಒಟ್ಟಾಗಿ ಕೂಡಿಹಾಕಿದ ಪ್ರಾಣಿಗೆ ತಪ್ಪಿಸಿಕೊಂಡು ಹೋಗಲು ಜಾಗವಾದರೂ ಎಲ್ಲಿ? ಜುನ್ನರದ ಕಬ್ಬಿನ ಗದ್ದೆಯ ಚಿರತೆಗಳನ್ನೆಲ್ಲ ಹಿಡಿದು ಬೋನಿಗೆ ಹಾಕಿ ಎಂದು ಕೂಗುವವರು ಇದನ್ನು ಒಮ್ಮೆ ಯೋಚಿಸಬೇಕು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಈ ಮಾತು ಆಡಲು ನನಗೂ ಬಾಯಿ ಬರುವುದಿಲ್ಲ, ಅದು ಬೇರೆ.

ಇನ್ನು ನಾಯಿಯ ವಿಷಯ. ಜುನ್ನರಕ್ಕೆ ಹೊಂದಿಕೊಂಡ ಅಕೋಲೆ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಜಾಲಾಡಿ ನೋಡಿದರು. ತಿಂದ ಮಾಂಸದಲ್ಲಿ ಶೇಕಡಾ 87ರಷ್ಟು ಸಾಕುಪ್ರಾಣಿಗಳದು. ನಾಯಿಯೊಂದೇ ಶೇಕಡಾ 39. ಅಂದರೆ ಚಿರತೆಯ ತಟ್ಟೆಗೆ ನಾಯಿ ಬಡಿಸುತ್ತಿರುವವರು ನಾವು. ನಾಯಿಯ ಜೊತೆ ಅದರ ಉಣ್ಣಿ, ಜಂತು, ಕಜ್ಜಿ, ಡಿಸ್ಟೆಂಪರ್ ಎಲ್ಲ ಬಂತು. ಸಾಸವಡ, ಬಾರಾಮತಿ ಕಡೆಯ ಹುಲ್ಲುಗಾವಲಿನ ತೋಳಗಳ ಪಾಡು ಇನ್ನೂ ಹತ್ತಿರದ್ದು. ಕೋಳಿ ಫಾರ್ಮಿನವರು ಬಯಲಲ್ಲಿ ಎಸೆಯುವ ಸತ್ತ ಕೋಳಿಗೆ ತೋಳವೂ ಬರುತ್ತದೆ, ಬೀದಿನಾಯಿಯೂ ಬರುತ್ತದೆ. ಅವೆರಡೂ ಕೂಡಿ ಮರಿ ಹಾಕುವ ಮಟ್ಟಕ್ಕೆ ನಂಟು ಬೆಳೆದಿದೆ: ಪುಣೆಯ ಹತ್ತಿರ ಕಂಡ ಇಂಥ ಬೆರಕೆ ಪ್ರಾಣಿಯನ್ನು ಬೆಂಗಳೂರಿನ ವಿಜ್ಞಾನಿಗಳು ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟಿನವರ ಜೊತೆ ಸೇರಿ 2023ರಲ್ಲಿ ಜೀನ್ ಪರೀಕ್ಷೆಯಿಂದ ಖಚಿತ ಮಾಡಿದರು. ರಕ್ತವೇ ಬೆರೆಯುವಾಗ ರಕ್ತದೊಳಗಿನ ಹುಳ ಬೆರೆಯದೆ ಇರುತ್ತದೆಯೆ?

ಇದಕ್ಕೆ ಧನಗರ ಕುರಿಗಾಹಿಯನ್ನೂ ಅವನ ಕಾವಲುನಾಯಿಯನ್ನೂ ದೂರುವುದು ಪಟ್ಟಣದವರಿಗೆ ಸುಲಭ. ಅವನೂ ತೋಳವೂ ಎಷ್ಟೋ ಕಾಲದಿಂದ ಜೊತೆಗೆ ಬದುಕಿದವರು. ಹೊಸದಾಗಿ ಬಂದದ್ದು ಪಟ್ಟಣದ ಕಸದ ಗುಡ್ಡೆ, ಅದನ್ನು ತಿಂದು ಬೆಳೆದ ನಾಯಿ ಹಿಂಡು. ನಾಯಿಗೆ ಲಸಿಕೆ ಹಾಕಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಸೆರೆಂಗೆಟಿಯ ಸುತ್ತಲ ಹಳ್ಳಿಗಳಲ್ಲಿ ಲಸಿಕೆ ಹಾಕಿದ ಮೇಲೆ ನಾಯಿಗಳಲ್ಲಿ ರೋಗ ಇಳಿಯಿತು, ಸಿಂಹಗಳಿಗೆ ಸೋಂಕು ತಗಲುವುದು ಪೂರ್ತಿ ನಿಲ್ಲಲಿಲ್ಲ. ಆದರೂ ಹಾಕಲೇಬೇಕು, ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಜೊತೆಯಲ್ಲೇ. ಮಕ್ಕಳಿಗೆ ಔಷಧಿಯಿಲ್ಲದ ದೇಶದಲ್ಲಿ ನಾಯಿಗೆ ಲಸಿಕೆಯೆ ಎಂದು ಕೇಳುವವರಿದ್ದಾರೆ. ಹುಚ್ಚುನಾಯಿ ಕಚ್ಚುವುದು ಯಾರ ಮಕ್ಕಳನ್ನು ಸ್ವಾಮಿ? ಕಸ ಹೆಕ್ಕುವವರ, ಕುರಿ ಕಾಯುವವರ ಮಕ್ಕಳನ್ನಲ್ಲವೆ?

ಗಿರ್ ಸಾವಿನ ನಂತರ ಅಮೆರಿಕದಿಂದ ವಿಮಾನದಲ್ಲಿ ಲಸಿಕೆ ತರಿಸಿದರು. ಸಿಂಹಗಳಿಗೆ ಎರಡನೆಯ ಮನೆ ಬೇಕು, ಕೂನೋಗೆ ಕೆಲವನ್ನು ಕಳಿಸಿ ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿತ್ತು. ಅಲ್ಲಿಗೆ 2022ರಲ್ಲಿ ಹೋದದ್ದು ಆಫ್ರಿಕದ ಚೀತಾ. ಇರಲಿ, ಅದು ದೊಡ್ಡವರ ಮಾತು. ನಮ್ಮ ಅಳವಿನದು ಚಿಕ್ಕದು. ಹೆದ್ದಾರಿಯಲ್ಲಿ ಸತ್ತ ಚಿರತೆಯ ಸುದ್ದಿ ಪೇಪರಿನಲ್ಲಿ ‘ವಾಹನ ಡಿಕ್ಕಿ’ ಎಂಬ ಎರಡು ಪದಕ್ಕೆ ಮುಗಿಯುತ್ತದೆ. ಅದರ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರೆ? ಉಣ್ಣಿಗಳನ್ನು ಹೆಕ್ಕಿ ಸೀಸೆಗೆ ಹಾಕಿದರೆ? ಹೆಚ್ಚಿನ ಖರ್ಚಿಲ್ಲ. ನಮ್ಮ ಪ್ರಾಣಿಶಾಸ್ತ್ರದ ಗೆಳೆಯರ ಕಾಲೇಜುಗಳಲ್ಲಿ ಸೂಕ್ಷ್ಮದರ್ಶಕಗಳು ವರ್ಷದಲ್ಲಿ ಹತ್ತು ತಿಂಗಳು ಮುಸುಕು ಹೊದ್ದು ಕೂತಿರುತ್ತವೆ. ಅರಣ್ಯ ಇಲಾಖೆಯ ಅನುಮತಿ ಕೇಳಿ, ಅದರ ಪಶುವೈದ್ಯರ ಜೊತೆ ಕೂತು ಈ ಕೆಲಸ ಮಾಡಲು ನಮ್ಮಲ್ಲಿ ಯಾರಾದರೂ ತಯಾರಿದ್ದರೆ, ಅರ್ಜಿ ಬರೆದುಕೊಡಲು ನಾನಿದ್ದೇನೆ, ಮರಾಠಿಯಲ್ಲೂ.