ಕೆಂಪು ಧೂಳಿನ ಊರು, ಬಿಳಿ ಶನಿವಾರ



ನಮ್ಮ ದೋಣಿಮಲೈ ಕಡೆ ಬಿಳಿ ಬಟ್ಟೆ ಎಂದರೆ ಏನೆಂಬುದು ಅದನ್ನು ಒಗೆದವಳಿಗೇ ಗೊತ್ತು. 1977ರಲ್ಲಿ ಇಲ್ಲಿ ಎನ್‌ಎಂಡಿಸಿಯವರು ಕಬ್ಬಿಣದ ಅದಿರು ತೆಗೆಯಲು ಶುರುಮಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಂತೂ ಸಂಡೂರಿನ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಗಿಡದ ಎಲೆ, ಮನೆಯ ಕಟ್ಟೆ, ಒಣಹಾಕಿದ ಸಂಡಿಗೆ ಎಲ್ಲಾ ಕೆಂಪು. ಅಂಥ ನೆಲದಲ್ಲಿ ಶನಿವಾರ ಬಂತೆಂದರೆ ಮಕ್ಕಳಿಗೆ ಬಿಳಿ ಸಮವಸ್ತ್ರ!

ನನ್ನ ಮಗಳು ಆರನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ಅಳುತ್ತಾ ಬಂದಳು. ಬಟ್ಟೆ ಕೊಳೆಯಾಗಿದೆ ಎಂದು ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. "ನಮ್ಮೂರಾಗ ಮಣ್ಣು ಕೆಂಪು ಐತಲ್ಲ ಟೀಚರ್, ಬಿಳಿ ಯಾಕೆ ಇಟ್ಟಾರ?" ಎಂದು ಕೇಳಿದ್ದಳಂತೆ. ಅದಕ್ಕೆ ಉತ್ತರ ಬರಲಿಲ್ಲ. "ಎದುರು ಮಾತಾಡ್ತೀಯಾ?" ಎಂದು ಇನ್ನೊಂದು ಪೀರಿಯಡ್ ನಿಲ್ಲಿಸಿದರು. ನಾನು ಏನು ಮಾಡಿದೆ ಎಂದು ಕೇಳಿ. ನಾನೂ ಗದರಿಸಿದೆ. "ಹೆಣ್ಣುಮಗಳಿಗೆ ಅಷ್ಟು ಬಾಯಿ ಇರಬಾರದು" ಎಂದೆ. ಈ ಮಾತನ್ನು ನನ್ನ ತಾಯಿ ನನಗೂ ನನ್ನ ಅಕ್ಕನಿಗೂ ಹೇಳಿದ್ದಳು.

ಅವಳು ಒಂಬತ್ತನೇ ತರಗತಿಗೆ ಬಂದಾಗ ಹಾಜರಾತಿ ಕಡಿಮೆಯಾಗಿದೆ ಎಂದು ಶಾಲೆಯಿಂದ ಹೇಳಿಕಳಿಸಿದರು. ನೋಡಿದರೆ ತಪ್ಪಿದ ದಿನಗಳಲ್ಲಿ ಹೆಚ್ಚಿನವು ಶನಿವಾರಗಳೇ. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದೆ. "ಮುಟ್ಟಾದಾಗ ಬಿಳಿ ಬಟ್ಟೆ ಹಾಕಂಡು ಡ್ರಿಲ್ ಮಾಡಾಕ ಹೆದರಿಕಿ ಆಗ್ತತಮ್ಮ. ಕಲೆ ಬಿದ್ರೆ ಹುಡುಗ್ರು ನಗ್ತಾರ" ಎಂದಳು. "ಟೀಚರಿಗೆ ಹೇಳಬಾರದಾ?" ಎಂದೆ. "ಕೇಳಬಾರದು ಅಂತ ನೀನೇ ಹೇಳಿದ್ದೆಲ್ಲ" ಎಂದಳು.

ಆ ಮಾತು ನನ್ನ ಎದೆಗೆ ನಾಟಿತು. ಅವತ್ತು ನನಗೆ ನೆನಪಾದದ್ದು ನನ್ನ ಅಕ್ಕ. ಮದುವೆಯಲ್ಲಿ ಬಂಗಾರ ಕೊಟ್ಟೆವು, ಆಮೇಲೆ ಬೈಕು ಕೇಳಿದರು, ಆಮೇಲೆ ದುಡ್ಡು. ತರದಿದ್ದಾಗಲೆಲ್ಲ ಹೊಡೆತ. ಹನ್ನೊಂದು ವರ್ಷ ಅನುಭವಿಸಿ ಕೈಮೇಲೆ ಸುಟ್ಟ ಗಾಯ ಹೊತ್ತು ತವರಿಗೆ ಬಂದಳು. "ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?" ಎಂದರೆ ಅವಳು ಹೇಳಿದ್ದು ಇಷ್ಟೇ: "ದೊಡ್ಡೋರು ಹೇಳಿದ ಮ್ಯಾಲೆ ಮುಗೀತಲ್ಲ. ಯಾಕೆ ಅಂತ ಕೇಳಬೌದು ಅನ್ನೋದೇ ನನಗೆ ಹೊಳೀಲಿಲ್ಲ."

ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ ಕಾಯ್ದೆ 2005ರಲ್ಲಿ ಬಂತು. ಆದರೆ ಕಾನೂನು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಕೇಳುವ ಬಾಯಿ ಬೇಕು. ಆ ಬಾಯಿಯನ್ನು ನಾವು ಆರನೇ ತರಗತಿಯಲ್ಲೇ ಮುಚ್ಚಿಸಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಅತ್ತೆಮನೆಯಲ್ಲಿ ತೆರೆಯಲಿ ಎಂದರೆ ಹೇಗೆ ತೆರೆದೀತು?

ನಾನು ಸಮವಸ್ತ್ರದ ವಿರೋಧಿಯಲ್ಲ. ಗಣಿಯ ಅಧಿಕಾರಿಯ ಮಗಳೂ ಕೂಲಿಯವಳ ಮಗಳೂ ಒಂದೇ ಬಟ್ಟೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವುದು ಒಳ್ಳೆಯದೇ. ಆದರೆ ಒಂದು ನಿಯಮ ಎಲ್ಲರನ್ನೂ ಸಮ ಮಾಡುತ್ತದೆಯೋ, ಇಲ್ಲಾ ತಲೆಬಾಗುವುದನ್ನು ಮಾತ್ರ ಕಲಿಸುತ್ತದೆಯೋ ಎಂದು ಅಳೆದು ನೋಡಬೇಡವೇ? ನನ್ನ ಅಳತೆ ಮೂರು ಪ್ರಶ್ನೆಗಳದ್ದು. ಈ ನಿಯಮಕ್ಕೆ ಕಾರಣ ಏನು? ಇದರ ಖರ್ಚು, ಶ್ರಮ, ಅವಮಾನ ಯಾರ ಪಾಲಿಗೆ ಬೀಳುತ್ತದೆ? ಹೆಣ್ಣುಮಕ್ಕಳಿಗೊಂದು, ಗಂಡುಮಕ್ಕಳಿಗೊಂದು ಆಗಿದೆಯೇ? ಕಾರಣವಿರುವ ನಿಯಮ ಪ್ರಶ್ನೆಗೆ ಹೆದರುವುದಿಲ್ಲ.

ಕೇಳಿದ ಮಕ್ಕಳು ಇಲ್ಲವೆಂದಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಒಬ್ಬ ಪುಟ್ಟ ಹುಡುಗನ ಹೆಸರಿನಲ್ಲಿ 2019ರಲ್ಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಸರ್ಕಾರ ಕೊಡಬೇಕಾದ ಎರಡನೇ ಜೊತೆ ಸಮವಸ್ತ್ರ ಎಲ್ಲಿ ಎಂಬುದೇ ಪ್ರಶ್ನೆ. ಒಂದೇ ಜೊತೆ ಇದ್ದರೆ ತಾಯಿ ರಾತ್ರಿ ಒಗೆದು ಬೆಳಿಗ್ಗೆ ಹಸಿಬಟ್ಟೆಯನ್ನೇ ಮಗುವಿಗೆ ತೊಡಿಸಬೇಕಲ್ಲ! ಕೋರ್ಟು ಮಗುವಿನ ಪರವಾಗಿ ನಿಂತಿತು. ಆ ಹುಡುಗನನ್ನು ಯಾರಾದರೂ ಬಾಯಿಬಡುಕ ಎನ್ನುತ್ತಾರೆಯೇ?

ದೂರದ ಇಂಗ್ಲೆಂಡಿನ ವಿಂಬಲ್ಡನ್ ಟೆನಿಸ್ ಪಂದ್ಯದಲ್ಲಿ ಆಟಗಾರರೆಲ್ಲ ಬಿಳಿಯನ್ನೇ ತೊಡಬೇಕೆಂಬುದು ಬಹಳ ಹಳೆಯ ನಿಯಮ. ಮುಟ್ಟಿನ ದಿನಗಳ ಆತಂಕವನ್ನು ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಮೇಲೆ, ಹೆಂಗಸರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಎಂದು 2022ರ ನವೆಂಬರಿನಲ್ಲಿ ಬದಲಾಯಿಸಿದರು. ನನ್ನ ಮಗಳ ಹೆದರಿಕೆಯೂ ಆ ದೊಡ್ಡ ಆಟಗಾರ್ತಿಯರ ಹೆದರಿಕೆಯೂ ಒಂದೇ ಆಗಿತ್ತು!

ಅದೇ 2022ರಲ್ಲಿ ನಮ್ಮ ರಾಜ್ಯದಲ್ಲೇ ಉಡುಪಿಯಲ್ಲಿ ಶುರುವಾದ ಹಿಜಾಬಿನ ವಿವಾದ ನಿಮಗೆ ನೆನಪಿರಬಹುದು. ಮಾರ್ಚ್ 15ರಂದು ಹೈಕೋರ್ಟು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಭಿನ್ನವಾದ ತೀರ್ಪು ಕೊಟ್ಟರು. ತಲೆವಸ್ತ್ರದ ಬಗ್ಗೆ ನಮ್ಮ ಸಂಘದಲ್ಲೇ ಎರಡು ಅಭಿಪ್ರಾಯಗಳಿವೆ. ಆದರೆ ಗೇಟಿನ ಹೊರಗೆ ನಿಂತವರು ಯಾರು, ಪಾಠ ಪರೀಕ್ಷೆ ಕಳೆದುಕೊಂಡವರು ಯಾರು ಎಂದರೆ ಉತ್ತರ ಒಂದೇ: ಹೆಣ್ಣುಮಕ್ಕಳು. ಹಾಕು ಎಂದು ಮನೆಯವರು ಒತ್ತಾಯಿಸಿದರೂ, ತೆಗೆ ಎಂದು ಶಾಲೆಯವರು ಒತ್ತಾಯಿಸಿದರೂ, ನಿನಗೇನು ಬೇಕು ಎಂದು ಆ ಹುಡುಗಿಯನ್ನು ಕೇಳುವವರು ಕಡಿಮೆ.

"ಮಕ್ಕಳೆಲ್ಲ ಯಾಕೆ ಯಾಕೆ ಅಂತ ಕೂತರೆ ಶಾಲೆ ನಡೆಯೋದು ಹೆಂಗೆ?" ಎಂದು ನಮ್ಮ ಸಂಘದ ಹಿರಿಯಕ್ಕ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕೇಳುವುದು ಬೇರೆ, ಧಿಕ್ಕರಿಸುವುದು ಬೇರೆ. ನನ್ನ ಮಗಳು ಕೇಳಿದ ಮೇಲೂ ಮುಂದಿನ ಶನಿವಾರ ಬಿಳಿ ಬಟ್ಟೆಯನ್ನೇ ತೊಟ್ಟು ಹೋಗಿದ್ದಳು. ಉತ್ತರ ಸಿಗದೆ ಹೋದದ್ದರಿಂದ ಅವಳು ಶಿಸ್ತು ಕಲಿಯಲಿಲ್ಲ, ಮುಚ್ಚಿಡುವುದನ್ನು ಕಲಿತಳು. ಶಾಲೆಯಲ್ಲಿ ಕಲೆ ಮುಚ್ಚಿಟ್ಟವಳು ನಾಳೆ ಗಂಡನ ಮನೆಯಲ್ಲಿ ಬಾಸುಂಡೆ ಮುಚ್ಚಿಡುತ್ತಾಳೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಬರೆದು ಮುಗಿದ ಮೇಲೆ ಈ ವಿಷಯ ಎತ್ತಿದೆ. ಮೊದಲು ಎಲ್ಲರೂ ನಾಚಿಕೊಂಡರು. ಆಮೇಲೆ ಇನ್ನೂ ನಾಲ್ವರು ತಾಯಂದಿರು "ನಮ್ಮ ಹುಡುಗೀದೂ ಅದೇ ಕಥೆ" ಎಂದರು. ಏಳು ಜನ ಶಾಲೆಗೆ ಹೋದೆವು. ಜಗಳ ಆಡಲಿಲ್ಲ, ಕಾರಣ ಕೇಳಿದೆವು. "ಮೊದಲಿಂದ ನಡೆದುಬಂದಿದೆ" ಎಂದರು. ಟೀಚರಮ್ಮನೇ ಮೆಲ್ಲಗೆ "ನನಗೂ ಇದು ಸರಿ ಅನಿಸಿರಲಿಲ್ಲ ಸಾರ್" ಎಂದಾಗ ಹೆಡ್‌ಮಾಸ್ಟರು ಸುಮ್ಮನಾದರು. ಅಂದರೆ ಆಕೆಗೂ ಕೇಳುವ ಧೈರ್ಯ ಯಾರೂ ಕಲಿಸಿರಲಿಲ್ಲ! ಕೊನೆಗೆ, ಬೇಕಾದ ಹೆಣ್ಣುಮಕ್ಕಳು ಶನಿವಾರವೂ ದಿನದ ಸಮವಸ್ತ್ರದಲ್ಲೇ ಬರಬಹುದು ಎಂದಾಯಿತು. ಬಿಸಿಲಿನಲ್ಲಿ ನಿಲ್ಲಿಸುವುದೂ ನಿಂತಿತು.

ನಿಮ್ಮ ಊರಿನಲ್ಲೂ ಇದು ಸಾಧ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದೇ ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಜಾಗ ಹೆಂಗಸರದ್ದು. ಆ ಕುರ್ಚಿಗಳಲ್ಲಿ ಬರೀ ಸಹಿ ಹಾಕಲು ಕೂರಬೇಡಿ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ನಿಮ್ಮ ಮಕ್ಕಳನ್ನು ಕಳಿಸಿ, ಮಾತಾಡಲು ಬಿಡಿ.

ಅದಕ್ಕೂ ಮೊದಲು ಮನೆಯಲ್ಲಿ ಶುರುಮಾಡೋಣ. ಮಗಳು "ಯಾಕೆ?" ಎಂದಾಗ ನನಗೆ ಈಗಲೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಮೊನ್ನೆ "ಪಾತ್ರೆ ನಾನೇ ಯಾಕೆ ತೊಳೀಬೇಕು, ಅಣ್ಣ ಯಾಕೆ ಬ್ಯಾಡ?" ಎಂದಳು. ಬೈಗುಳ ಬಾಯಿತನಕ ಬಂದಿತ್ತು. ನುಂಗಿಕೊಂಡೆ. ಅವತ್ತು ಪಾತ್ರೆ ತೊಳೆದವನು ಅವಳ ಅಣ್ಣ. ಕಟ್ಟೆಯ ಮೇಲೆ ಕೂತಿದ್ದ ನನ್ನ ಅಕ್ಕ ಅದನ್ನು ನೋಡುತ್ತಾ ಇದ್ದಳು.